ಹಿಂದಿನ ಸಾಲಿನಿಂದ ಎದ್ದ ಮಾತು

ಕೋಲಾರದಲ್ಲಿ ನಾಟಕವಿರಲಿ, ರಾಜ್ಯೋತ್ಸವದ ಸನ್ಮಾನವಿರಲಿ, ಯಾರದೋ ಜಯಂತಿ ಇರಲಿ, ಆಹ್ವಾನ ಪತ್ರಿಕೆಯಲ್ಲಿ ಸ್ಥಳದ ಮುಂದೆ ಮತ್ತೆ ಮತ್ತೆ ಕಾಣುವ ಹೆಸರು ಟಿ. ಚನ್ನಯ್ಯ ರಂಗಮಂದಿರ. ಬೈರಕೂರು, ತಾಯಲೂರು, ಆವಣಿಗಳಿಂದ ಜಿಲ್ಲಾ ಕೇಂದ್ರಕ್ಕೆ ಬರುವವರಿಗೆ ಆ ಕಟ್ಟಡ ಗೊತ್ತು, ಒಳಗಿನ ಕುರ್ಚಿಗಳೂ ಗೊತ್ತು. ಆ ಹೆಸರಿನ ಮನುಷ್ಯ ಎಲ್ಲಿ ನಿಂತು ಏನು ಮಾತಾಡಿದರು ಎಂದು ಕೇಳಿದರೆ ಮಾತ್ರ ಹೇಳಬಲ್ಲವರು ಕಡಿಮೆ.

1948ರ ನವೆಂಬರ್ 30ರಂದು ದೆಹಲಿಯ ಸಂವಿಧಾನ ಸಭೆಯಲ್ಲಿ ಕರಡು ಸಂವಿಧಾನದ 10ನೇ ವಿಧಿ ಚರ್ಚೆಗೆ ಬಂದಿತ್ತು. ಇಂದು ನಾವು 16ನೇ ವಿಧಿ ಎಂದು ಕರೆಯುವ, ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ ಮತ್ತು ಮೀಸಲಾತಿಗೆ ಸಂಬಂಧಿಸಿದ ವಿಧಿ ಅದು. ‘ಹಿಂದುಳಿದ ವರ್ಗ’ ಎಂಬ ಮಾತಿಗೆ ಅರ್ಥವೇ ಸ್ಪಷ್ಟವಿಲ್ಲ ಎಂದು ಕೆಲವರು ಆಕ್ಷೇಪ ಎತ್ತಿದ್ದರು. ಮೀಸಲಾತಿಗೆ ಹತ್ತು ವರ್ಷದ ಮಿತಿ ಇರಲಿ ಎಂದು ಪಂಡಿತ ಹೃದಯನಾಥ ಕುಂಜ್ರು ತಿದ್ದುಪಡಿ ತಂದಿದ್ದರು. ಕುಂಜ್ರು ಸಾಮಾನ್ಯರಲ್ಲ; ಗೋಖಲೆಯವರ ಭಾರತ ಸೇವಕ ಸಮಾಜದ ಹಿರಿಯರು, ಎಲ್ಲರೂ ಗೌರವಿಸುತ್ತಿದ್ದ ಸಂಸದೀಯ ಪಟು. ಅಂಥವರ ತಿದ್ದುಪಡಿಗೆ ಎದುರಾಗಿ ಎದ್ದವರಲ್ಲಿ ಮೈಸೂರು ಸಂಸ್ಥಾನದ ಏಳು ಪ್ರತಿನಿಧಿಗಳಲ್ಲಿ ಒಬ್ಬರಾದ, ಕೋಲಾರದ ದಲಿತ ನಾಯಕ ಟಿ. ಚನ್ನಯ್ಯನವರೂ ಇದ್ದರು.

ಅವರು ಹೇಳಿದ್ದು ಉದ್ದವೇನಿಲ್ಲ. ಉತ್ತರದ ಸದಸ್ಯರಿಗೆ ಈ ಪದ ಮಸುಕಾಗಿ ಕಾಣುತ್ತಿರಬಹುದು, ದಕ್ಷಿಣದಲ್ಲಿ ಹಿಂದುಳಿದವರು ಎಂದರೆ ಯಾರು ಎಂಬುದು ಎಲ್ಲರಿಗೂ ತಿಳಿದದ್ದೇ ಎಂದರು. ವಿದ್ಯೆಯಲ್ಲಿ ಹಿಂದುಳಿದವರಿದ್ದಾರೆ, ಸಾಮಾಜಿಕವಾಗಿ ಕೆಳಗೆ ತಳ್ಳಲ್ಪಟ್ಟವರಿದ್ದಾರೆ, ಇಬ್ಬರಿಗೂ ನೌಕರಿಯಲ್ಲಿ ಸಾಕಷ್ಟು ಪಾಲು ಬೇಕು ಎಂದರು. ಕುಂಜ್ರು ಅವರ ಹತ್ತು ವರ್ಷಕ್ಕೆ ಅವರ ಉತ್ತರ ಇನ್ನೂ ನೇರವಾಗಿತ್ತು: ಈ ಜನರಿಗೆ ಅವಕಾಶ ತಪ್ಪಿದ್ದು ನೂರೈವತ್ತು ವರ್ಷ, ಆದ್ದರಿಂದ ಮೀಸಲಾತಿಯೂ ನೂರೈವತ್ತು ವರ್ಷ ಇರಬೇಕು.

ಈ ಮಾತಿನ ಹಿಂದೆ ಮೈಸೂರಿನ ಅನುಭವವಿತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದ್ದರು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ಲೆಕ್ಕಾಚಾರ ಈ ನೆಲದಲ್ಲಿ ಮೂರು ದಶಕ ನಡೆದು ಬಂದಿತ್ತು. ದೆಹಲಿಯಲ್ಲಿ ಹಲವರಿಗೆ ತರ್ಕದ ತೊಡಕಾಗಿ ಕಂಡದ್ದು ಮೈಸೂರಿನವರಿಗೆ ದಿನನಿತ್ಯದ ಆಡಳಿತವಾಗಿತ್ತು. ಚನ್ನಯ್ಯನವರು ಮಾಡಿದ್ದು ಇಷ್ಟೇ: ತಮ್ಮ ಊರಿನಲ್ಲಿ ಕಂಡದ್ದನ್ನು ದೇಶದ ಕಡತಕ್ಕೆ ಸೇರಿಸಿದರು.

ಆ ದಿನದ ಚರ್ಚೆಗೆ ಕೊನೆಯಲ್ಲಿ ಡಾ. ಅಂಬೇಡ್ಕರ್ ಉತ್ತರ ಕೊಟ್ಟರು. ಹತ್ತು ವರ್ಷದ ಮಿತಿ ಬರಲಿಲ್ಲ, ‘ಹಿಂದುಳಿದ’ ಎಂಬ ಪದ ಉಳಿಯಿತು. ಚನ್ನಯ್ಯನವರೊಬ್ಬರ ಮಾತಿನಿಂದಲೇ ಹೀಗಾಯಿತು ಎಂದರೆ ಅದು ಅಭಿಮಾನದ ಅತಿಶಯವಾದೀತು; ಅಂದು ಆ ಪಕ್ಷದಲ್ಲಿ ಮಾತಾಡಿದವರು ಹಲವರಿದ್ದರು. ಆದರೆ 1992ರ ನವೆಂಬರ್ 16ರಂದು ಇಂದ್ರಾ ಸಾಹ್ನಿ ಪ್ರಕರಣದಲ್ಲಿ, ಅಂದರೆ ಮಂಡಲ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಡುವಾಗ 1948ರ ಅದೇ ಚರ್ಚೆಯನ್ನು ಬಿಡಿಸಿ ಓದಿದರು. ಆ ಪದವನ್ನು ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ತಿಳಿಯಲು ಅವರಿಗೆ ಬೇರೆ ದಾರಿ ಇರಲಿಲ್ಲ. ನಲವತ್ತನಾಲ್ಕು ವರ್ಷಗಳ ನಂತರವೂ ಆ ಮಾತುಗಳಿಗೆ ಕೆಲಸವಿತ್ತು.

ಸದನದ ಮಾತಿಗೆ ಇಂದು ಊರಿನಲ್ಲಿ ಎಷ್ಟು ಬೆಲೆ ಎಂದು ನೋಡಲು ಈಗ ಬೈರಕೂರಿಗೆ ಬರೋಣ.

ಮುಳಬಾಗಿಲು ತಾಲ್ಲೂಕಿನ ಹೋಬಳಿ ಕೇಂದ್ರ ಇದು. ಆಂಧ್ರದ ಗಡಿ ದೂರವಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕುಟುಂಬಗಳು ಈ ಸೀಮೆಯ ತುಂಬ ಇವೆ. ಟೊಮೆಟೊ, ಹಿಪ್ಪುನೇರಳೆ, ಮಾವು, ಹೈನು ಇವೇ ಬದುಕು. ಹೊಳೆ ಇಲ್ಲ, ಕಾಲುವೆ ಇಲ್ಲ; ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಸಾವಿರ ಅಡಿ ದಾಟಿದ ಕೊಳವೆಬಾವಿ. ಇಂಥ ಊರಿನ ಜನ ತಮ್ಮ ಶಾಸಕರಲ್ಲಿ ಏನು ಕೇಳುತ್ತಾರೆ? ಹೊಸ ಟ್ರಾನ್ಸ್‌ಫಾರ್ಮರ್, ಸಿಮೆಂಟ್ ರಸ್ತೆ, ಸಮುದಾಯ ಭವನ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಣ, ನಿಂತುಹೋದ ವೃದ್ಧಾಪ್ಯ ವೇತನ, ಮಗಳ ವರ್ಗಾವಣೆಗೆ ಒಂದು ಪತ್ರ. ಮದುವೆಗೆ ಬಂದರೆ ಸಂತೋಷ, ಸಾವಿಗೆ ಬರದಿದ್ದರೆ ಮುನಿಸು. ಐದು ವರ್ಷದ ಕೊನೆಗೆ ಅರಳಿಕಟ್ಟೆಯಲ್ಲಿ ಕೂತು ಅಳೆಯುವುದೂ ಇದನ್ನೇ: ನಮ್ಮ ಊರಿಗೆ ಏನು ಮಾಡಿದ?

ಈ ಪ್ರಶ್ನೆಯಲ್ಲಿ ತಪ್ಪಿಲ್ಲ. ತಾಲ್ಲೂಕು ಕಚೇರಿಯಲ್ಲಿ ಮೂರು ಸಲ ಅಲೆದು ಸೋತ ಮುದುಕಿಗೆ ಶಾಸಕರ ಮನೆ ಬಾಗಿಲು ಕೊನೆಯ ಬಾಗಿಲು. ಅವಳಿಗೆ ಸದನ, ಚರ್ಚೆ, ಕಡತ ಎಂದು ಉಪದೇಶ ಮಾಡುವವನಿಗೆ ಹಸಿವಿನ ಅರಿವಿಲ್ಲ ಎಂದೇ ಅರ್ಥ. ಆದರೆ ಈ ಒಂದೇ ಪ್ರಶ್ನೆಗೆ ಜನ ನಿಂತಾಗ, ಶಾಸಕರನ್ನು ಆರಿಸಿದ ಮೂಲ ಕೆಲಸ ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ನೂರಾರು ಹಳ್ಳಿಗಳ ಕ್ಷೇತ್ರದಲ್ಲಿ ಅದನ್ನು ಹಂಚಿದರೆ ಒಂದೊಂದು ಊರಿಗೆ ಬರುವುದು ಚರಂಡಿಯ ತುಂಡು. ಇತ್ತ ರಾಜ್ಯದ ಬಜೆಟ್ ಲಕ್ಷಾಂತರ ಕೋಟಿಯದು. ಅದರಲ್ಲಿ ಮುಳಬಾಗಿಲಿನ ಪಾಲು ಎಷ್ಟು, ಕೊಟ್ಟದ್ದು ಎಲ್ಲಿ ಹೋಯಿತು ಎಂದು ಕೇಳುವ ಹಕ್ಕಿರುವುದು ಸದನದ ಸದಸ್ಯನಿಗೆ. ಆ ಹಕ್ಕು ಅವನು ಹಿಂದಿನ ಸಾಲಿನಲ್ಲಿ ಕೂತಿದ್ದರೂ ಮುಂದಿನ ಸಾಲಿನವರಷ್ಟೇ ಗಟ್ಟಿ.

ಮೈಸೂರು ಸಂಸ್ಥಾನದ ಜನಪ್ರತಿನಿಧಿ ಪರಂಪರೆ ಶುರುವಾದದ್ದೇ ಬರಿಯ ಮಾತಿನಿಂದ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರಿನಲ್ಲಿ ಕರೆದ ಪ್ರಜಾಪ್ರತಿನಿಧಿ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಬಜೆಟ್ ತಡೆಯುವ ಅಧಿಕಾರವಿರಲಿಲ್ಲ. ದಸರೆಯ ಹೊತ್ತಿಗೆ ತಾಲ್ಲೂಕುಗಳಿಂದ ಬಂದ ರೈತರೂ ವರ್ತಕರೂ ದಿವಾನರು ಓದುವ ವರದಿ ಕೇಳಿ, ತಮ್ಮ ಕಡೆಯ ಅಹವಾಲು ಹೇಳಿ ಹೋಗುತ್ತಿದ್ದರು. ಕೆರೆಯ ತೂಬು ಒಡೆದದ್ದು, ಕಂದಾಯದ ಕಷ್ಟ, ಅರಣ್ಯದವರ ಕಾಟ. ಕೈ ಎತ್ತಿ ಮತ ಹಾಕುವ ಅಧಿಕಾರವಿಲ್ಲದ ಆ ಸಭೆಯಲ್ಲಿ ಪ್ರತಿನಿಧಿಗೆ ಇದ್ದದ್ದು ನಾಲಿಗೆಯೊಂದೇ. ಹಾಗಿದ್ದೂ ಆ ಸಭೆಯ ನಡವಳಿಗಳನ್ನು ಓದದೆ ಅಂದಿನ ಮೈಸೂರಿನ ಹಳ್ಳಿಗಳ ಚರಿತ್ರೆ ಬರೆಯಲಾಗದು.

ಆ ಪರಂಪರೆಯ ಮುಂದಿನ ಹಂತದಲ್ಲಿ ಮುಳಬಾಗಿಲಿನ ಮಣ್ಣಿನ ಮಗನೊಬ್ಬರು ಇದ್ದರು. ಕಗ್ಗದ ಕವಿ ಎಂದೇ ನಾಡು ನೆನೆಯುವ ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. 1920ರ ದಶಕದ ಉತ್ತರಾರ್ಧದಿಂದ 1940ರವರೆಗೆ ಅವರು ಮೈಸೂರು ಶಾಸನ ಪರಿಷತ್ತಿನ ಸದಸ್ಯರಾಗಿದ್ದರು. ದಿವಾನರಾಗಲಿಲ್ಲ, ಅಧಿಕಾರದ ಕುರ್ಚಿ ಏರಲಿಲ್ಲ. ಬ್ರಿಟಿಷ್ ಇಂಡಿಯಾದ ರಾಜಕಾರಣಿಗಳು ಸಂಸ್ಥಾನಗಳ ಪ್ರಜೆಗಳನ್ನು ರಾಜರ ಸ್ವತ್ತು ಎಂಬಂತೆ ಬದಿಗಿಟ್ಟಿದ್ದ ಕಾಲದಲ್ಲಿ, ಮುಂದೆ ಬರುವ ಭಾರತದ ಸಂವಿಧಾನದಲ್ಲಿ ಆ ಪ್ರಜೆಗಳಿಗೆ ಜಾಗವೆಲ್ಲಿ ಎಂಬ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಬರೆದರು, ವಾದಿಸಿದರು. 1931ರಲ್ಲಿ ಅದರ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ತಂದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದೂ ಸಾರ್ವಜನಿಕ ಪ್ರಶ್ನೆಗಳನ್ನು ಅಂಕಿಅಂಶ ಹಿಡಿದು ಚರ್ಚಿಸುವ ಮಂದಿ ತಯಾರಾಗಲಿ ಎಂದೇ. ಮುಳಬಾಗಿಲಿನಲ್ಲಿ ಡಿವಿಜಿ ಹೆಸರು ಹೇಳದ ಕನ್ನಡ ಸಮಾರಂಭವಿಲ್ಲ. ಆ ಸಮಾರಂಭಗಳಲ್ಲಿ ಶಾಸಕರೂ ವೇದಿಕೆ ಹತ್ತುತ್ತಾರೆ. ಡಿವಿಜಿ ಕೂಡ ಒಬ್ಬ ಶಾಸಕರಾಗಿದ್ದರು ಎಂಬುದನ್ನು ಅಲ್ಲಿ ಯಾರಾದರೂ ನೆನಪಿಸಿದರೆ ಒಳ್ಳೆಯದು.

ಸ್ವಾತಂತ್ರ್ಯಾನಂತರದ ಸದನಗಳಿಗೆ ಮತದ ಅಧಿಕಾರ ಬಂತು. ಆದರೆ ಆ ಮತ ಇಂದು ಸದಸ್ಯನ ಕೈಯಲ್ಲಿ ಉಳಿದಿದೆಯೇ? 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ಪಕ್ಷಾಂತರದ ಪಿಡುಗು ತಡೆಯಲು ಬಂದ ಕಾನೂನು ಅದು, ಉದ್ದೇಶ ಸರಿಯಾಗಿತ್ತು. ಅದರ ಫಲವಾಗಿ ಪಕ್ಷದ ಸಚೇತಕ ಹೊರಡಿಸುವ ವಿಪ್ ಮೀರಿ ಮತ ಹಾಕಿದರೆ, ಹಾಕದೆ ಉಳಿದರೂ ಕೂಡ, ಸದಸ್ಯತ್ವಕ್ಕೇ ಸಂಚಕಾರ. ಹಿಂದಿನ ಸಾಲಿನ ಶಾಸಕನ ಕೈ ಈಗ ಪಕ್ಷದ ಕೈ. ಇದನ್ನು ಹೇಳಿ ಹಲವು ಶಾಸಕರು ನಿಟ್ಟುಸಿರು ಬಿಡುತ್ತಾರೆ: ನಮ್ಮಿಂದ ಏನಾಗುತ್ತೆ ಸ್ವಾಮಿ, ಮೇಲಿನವರು ಹೇಳಿದ ಹಾಗೆ ನಡೀಬೇಕು.

ಈ ನಿಟ್ಟುಸಿರನ್ನು ಪೂರ್ತಿ ನಂಬಬೇಕಿಲ್ಲ. ಹತ್ತನೇ ಅನುಸೂಚಿ ಕಟ್ಟಿಹಾಕಿದ್ದು ಮತವನ್ನು. ಪ್ರಶ್ನೆ ಕೇಳಿದ್ದಕ್ಕೆ ಸದಸ್ಯತ್ವ ಕಳೆಯುವ ಅಧಿಕಾರ ಅದರಲ್ಲಿಲ್ಲ. ಸದನದೊಳಗೆ ಆಡಿದ ಮಾತಿಗೆ ಯಾವ ನ್ಯಾಯಾಲಯದಲ್ಲೂ ಮೊಕದ್ದಮೆ ಹೂಡುವಂತಿಲ್ಲ ಎಂದು 194ನೇ ವಿಧಿ ಹೇಳುತ್ತದೆ. ಕನ್ನಡದಲ್ಲಿ ಹೇಳಲಾಗದಿದ್ದರೆ ಸಭಾಧ್ಯಕ್ಷರ ಅನುಮತಿ ಪಡೆದು ಮಾತೃಭಾಷೆಯಲ್ಲಿ ಹೇಳಬಹುದು ಎಂದು 210ನೇ ವಿಧಿ ಬಾಗಿಲು ತೆರೆದಿಟ್ಟಿದೆ. ಗಡಿನಾಡಿನವರಿಗೆ ಇದು ಸಣ್ಣ ಮಾತಲ್ಲ. ಸಂವಿಧಾನ ಇಷ್ಟು ಕಾವಲು ಹಾಕಿ ಉಳಿಸಿಕೊಟ್ಟ ನಾಲಿಗೆಯನ್ನು ಐದು ವರ್ಷ ಬಳಸದೆ ಇಟ್ಟುಕೊಂಡವರು ಪಕ್ಷದ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ.

ಕೈಯನ್ನು ಎಣಿಸಿ ನಾಲಿಗೆಯನ್ನು ಮರೆಯುವುದಕ್ಕೆ ಮುಳಬಾಗಿಲು ಕ್ಷೇತ್ರದಲ್ಲೇ ಹತ್ತಿರದ ಉದಾಹರಣೆ ಇದೆ. 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾದ ಈ ಕ್ಷೇತ್ರದಿಂದ 2018ರಲ್ಲಿ ಪಕ್ಷೇತರರಾಗಿ ಎಚ್. ನಾಗೇಶ್ ಗೆದ್ದರು. ಯಾವ ಪಕ್ಷಕ್ಕೂ ಸ್ಪಷ್ಟ ಬಹುಮತ ಬಾರದ ಆ ಸದನದಲ್ಲಿ ಒಂದೊಂದು ತಲೆಯೂ ಎಣಿಕೆಗೆ ಬೇಕಿತ್ತು. 2019ರ ಜೂನ್‌ನಲ್ಲಿ ಅವರು ಎಚ್.ಡಿ. ಕುಮಾರಸ್ವಾಮಿ ಸಂಪುಟದಲ್ಲಿ ಸಚಿವರಾದರು, ಜುಲೈನಲ್ಲಿ ರಾಜೀನಾಮೆ ಕೊಟ್ಟು ಬೆಂಬಲ ಹಿಂತೆಗೆದರು, ಆಗಸ್ಟ್‌ನಲ್ಲಿ ಬಿ.ಎಸ್. ಯಡಿಯೂರಪ್ಪನವರ ಸಂಪುಟ ಸೇರಿದರು, ಅಬಕಾರಿ ಖಾತೆ ನೋಡಿಕೊಂಡರು. ಮುಳಬಾಗಿಲಿನ ಹೆಸರು ರಾಜ್ಯದ ಪತ್ರಿಕೆಗಳ ಮುಖಪುಟದಲ್ಲಿ ಅಷ್ಟು ದಿನ ಎಂದೂ ಇದ್ದಿರಲಾರದು. ಆದರೆ ಆ ತಿಂಗಳುಗಳಲ್ಲಿ ಎಲ್ಲರೂ ಎಣಿಸಿದ್ದು ಮುಳಬಾಗಿಲಿನ ಕೈಯನ್ನು. ಮುಳಬಾಗಿಲಿಗೆ ಏನು ಬೇಕು ಎಂದು ಆ ಎಣಿಕೆಯ ಗದ್ದಲದಲ್ಲಿ ಯಾರೂ ಕೇಳಲಿಲ್ಲ.

ಅದೇ ವಾರಗಳಲ್ಲಿ ಪಕ್ಕದ ಶ್ರೀನಿವಾಸಪುರದ ಶಾಸಕರು ಸಭಾಧ್ಯಕ್ಷ ಪೀಠದಲ್ಲಿದ್ದರು. ಕೆ.ಆರ್. ರಮೇಶ್ ಕುಮಾರ್ 1978ರಲ್ಲಿ ಮೊದಲು ಗೆದ್ದವರು; ಜಿ.ಕೆ. ವೆಂಕಟಶಿವಾರೆಡ್ಡಿಯವರೊಡನೆ ಸೋಲು ಗೆಲುವು ಹಂಚಿಕೊಳ್ಳುತ್ತ ಬಂದವರು. ಕನ್ನಡದಲ್ಲಿ ಸದನವನ್ನು ಹಿಡಿದು ಕೂರಿಸಬಲ್ಲ ಮಾತುಗಾರರು ಎಂಬುದನ್ನು ವಿರೋಧಿಗಳೂ ಒಪ್ಪುತ್ತಾರೆ. ಅವರು ಅನರ್ಹಗೊಳಿಸಿದ 17 ಶಾಸಕರ ಪ್ರಕರಣದಲ್ಲಿ 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಸದನದ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಇದೇ ರಮೇಶ್ ಕುಮಾರ್ 2021ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅತ್ಯಾಚಾರವನ್ನು ಹಗುರ ಮಾಡುವ ಮಾತೊಂದನ್ನು ಆಡಿ, ದೇಶದ ಸಿಟ್ಟಿಗೆ ಗುರಿಯಾಗಿ, ಮರುದಿನ ಕ್ಷಮೆ ಕೇಳಬೇಕಾಯಿತು. ಸದನದ ಮಾತಿಗೆ ತೂಕವಿದೆ ಎಂದು ವಾದಿಸುವವರು ಇದನ್ನೂ ಹೇಳಲೇಬೇಕು. ಒಳ್ಳೆಯ ಮಾತು ಹೇಗೆ ಉಳಿಯುತ್ತದೋ ನೋಯಿಸಿದ ಮಾತೂ ಹಾಗೇ ಉಳಿಯುತ್ತದೆ.

ಇನ್ನು ಕೋಲಾರ ಜಿಲ್ಲೆಯ ಮಾತಿಗೆ ವಸ್ತುವಿನ ಕೊರತೆಯೇ ಇಲ್ಲ. ನೀರೊಂದೇ ಸಾಕು.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ನೀರು, ಮೊದಲ ಹಂತದಲ್ಲಿ 126 ಕೆರೆ, 1,300 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಯೋಜನೆ. ಒಣಗಿ ಜಾಲಿ ಬೆಳೆದಿದ್ದ ಕೆರೆಗಳಿಗೆ ನೀರು ಬಂದದ್ದು ಕಂಡು ಪೂಜೆ ಮಾಡಿದವರು ಎಷ್ಟೋ ಜನ. ಜುಲೈನಲ್ಲಿ ನೊರೆ ಕಾಣಿಸಿಕೊಂಡಿತು, ನೀರು ಹರಿಸುವುದು ನಿಂತಿತು, ಹೈಕೋರ್ಟ್ ತಡೆ ಬಂತು. ತಡೆ ತೆರವಾಗಿ ಮತ್ತೆ ಹರಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ, ಏಪ್ರಿಲ್‌ನಲ್ಲಿ ಅದೂ ತೆರವು. ಎರಡನೇ ಹಂತದ ಶುದ್ಧೀಕರಣ ಸಾಕೇ, ಮೂರನೇ ಹಂತವೂ ಬೇಕೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಈ ಇಡೀ ಕತೆಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ನೀರಿನ ಗುಣದ ಪ್ರಶ್ನೆ ತೀರ್ಮಾನಕ್ಕೆ ಹೋದದ್ದು ನ್ಯಾಯಾಲಯಕ್ಕೆ. ಹೋರಾಟಗಾರರು ವಕೀಲರನ್ನಿಟ್ಟು, ವರ್ಷ ಕಾದು ಕೇಳಬೇಕಾಯಿತು. ಅದೇ ಪ್ರಶ್ನೆಯನ್ನು ಶಾಸಕನೊಬ್ಬ ಒಂದು ಹಾಳೆಯ ಸೂಚನಾ ಪತ್ರದಲ್ಲಿ ಕೇಳಬಹುದು: ಯಾವ ಕೆರೆಯ ನೀರನ್ನು ಯಾವ ತಿಂಗಳು ಪರೀಕ್ಷೆ ಮಾಡಿದ್ದೀರಿ? ಯಾವ ಪ್ರಯೋಗಾಲಯದಲ್ಲಿ? ಭಾರಲೋಹ ಎಷ್ಟಿತ್ತು? ಕೆರೆಯ ಸುತ್ತಲ ಕೊಳವೆಬಾವಿಗಳನ್ನೂ ಪರೀಕ್ಷಿಸಿದ್ದೀರಾ? ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ್ದಾದರೆ ಲಿಖಿತ ಉತ್ತರ ಸದನದ ಮುಂದಿಡಬೇಕು. ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿ. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸಚಿವರು ಹೇಳಿದರೆ ಆ ಮಾತನ್ನು ಬೆನ್ನಟ್ಟಲು ಭರವಸೆಗಳ ಸಮಿತಿ ಎಂಬ ಪ್ರತ್ಯೇಕ ಸಮಿತಿಯೇ ಇದೆ. ಇಷ್ಟೆಲ್ಲ ಆಯುಧಗಳಿಗೆ ಶಾಸಕ ಒಂದು ಪೈಸೆ ಕೊಡಬೇಕಿಲ್ಲ. ಸಣ್ಣ ನೀರಾವರಿ ಇಲಾಖೆಯ ಕಾರ್ಯದರ್ಶಿಯಿಂದ ಹಿಡಿದು ತಾಲ್ಲೂಕಿನ ಇಂಜಿನಿಯರ್‌ವರೆಗೆ ಕಡತ ಓಡಾಡುವಂತೆ ಮಾಡುವ ಶಕ್ತಿ ಆ ಒಂದು ಹಾಳೆಗಿದೆ. ಪ್ರಶ್ನೆ ಬಂತೆಂದರೆ ಅಧಿಕಾರಿಗಳು ರಾತ್ರಿ ಕೂತು ಉತ್ತರ ತಯಾರಿಸುತ್ತಾರೆ.

ಎತ್ತಿನಹೊಳೆಯ ಕತೆ ಇನ್ನೂ ದೊಡ್ಡದು. 24.01 ಟಿಎಂಸಿ ನೀರಿನ ಯೋಜನೆ. 2012ರಲ್ಲಿ 8,323 ಕೋಟಿ ರೂಪಾಯಿ ಇದ್ದ ಅಂದಾಜು 12,912 ಕೋಟಿಗೆ, ಅಲ್ಲಿಂದ 23,251 ಕೋಟಿಗೆ ಏರಿತು. 2014ರಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಮೊದಲ ಹಂತದ ಉದ್ಘಾಟನೆ. ಆ ದಿನ ನೀರು ಕೋಲಾರ ಜಿಲ್ಲೆಯ ಹತ್ತಿರಕ್ಕೂ ಬಂದಿರಲಿಲ್ಲ. ಅಂದಾಜು ಹೀಗೆ ಏರುತ್ತಾ ಹೋದ ಒಂದೊಂದು ವರ್ಷವೂ ಸದನದಲ್ಲಿ ಬಜೆಟ್ ಚರ್ಚೆ ನಡೆದಿದೆ, ಬೇಡಿಕೆಗಳು ಮತಕ್ಕೆ ಬಂದಿವೆ.

ಸ್ಥಳೀಯ ಪ್ರಶ್ನೆ ಬೇರೆ, ರಾಷ್ಟ್ರದ ಪ್ರಶ್ನೆ ಬೇರೆ ಎಂದು ವಿಂಗಡಿಸುವವರಿದ್ದಾರೆ. ಬೈರಕೂರಿನಂಥ ಗಡಿ ಹೋಬಳಿಯಲ್ಲಿ ನಿಂತರೆ ಆ ಗೆರೆ ಅಳಿಸಿಹೋಗುತ್ತದೆ. ಪಾಲಾರ್ ನದಿ ಕೋಲಾರ ಸೀಮೆಯ ಮೂಲಕ ಆಂಧ್ರ, ತಮಿಳುನಾಡಿಗೆ ಹರಿಯುತ್ತದೆ. ಅದರ ಮೇಲ್ಭಾಗದಲ್ಲಿ ಹೊಸ ಕಾಮಗಾರಿ ಮಾಡಲು ಮದರಾಸಿನ ಒಪ್ಪಿಗೆ ಬೇಕೆಂದು 1892ರ ಮೈಸೂರು–ಮದರಾಸು ಒಪ್ಪಂದ ಹೇಳಿತು. ಯರಗೋಳಿನಲ್ಲಿ ಕೋಲಾರ, ಬಂಗಾರಪೇಟೆ, ಮಾಲೂರಿಗೆ ಕುಡಿಯುವ ನೀರಿಗೆಂದು ಮಾರ್ಕಂಡೇಯ ನದಿಗೆ ಅಣೆಕಟ್ಟು ಕಟ್ಟಿದರೆ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. ತಡೆ ಕೋರಿದ ಅದರ ಮನವಿಯನ್ನು 2019ರ ನವೆಂಬರಿನಲ್ಲಿ ಕೋರ್ಟ್ ಒಪ್ಪಲಿಲ್ಲ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವನ್ನು ತಡೆಯಿತು. ಶ್ರೀನಿವಾಸಪುರ, ಮುಳಬಾಗಿಲಿನ ಬೆಳೆಗಾರರ ಕಾಯಿ ತಿರುಳು ತೆಗೆಯುವ ಕಾರ್ಖಾನೆಗೆ ಹೋಗದೆ ನಿಂತಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು, ಕೇಂದ್ರ ಸರ್ಕಾರ ಬೆಲೆ ವ್ಯತ್ಯಾಸ ತುಂಬಿಕೊಡುವ ಯೋಜನೆಗೆ ಒಪ್ಪಬೇಕಾಯಿತು. ಮಂಡಿಯಲ್ಲಿ ಕೊಳೆಯುವ ಮಾವು ಊರಿನ ಸಂಕಟ; ರಾಜ್ಯಗಳ ನಡುವಿನ ವ್ಯಾಪಾರ ಸಂವಿಧಾನದ 301ನೇ ವಿಧಿಯ ವಿಷಯ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನು ಮಾವು ಬೆಳೆಯುವ ಊರಿನಿಂದ ಆರಿಸಿಬಂದ ಸದಸ್ಯ.

ಮಾತಿನಿಂದ ಏನಾಗುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಮಲೆನಾಡಿನಲ್ಲಿದೆ. 1952ರ ಮೊದಲ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ 74 ಗೆದ್ದಿತು. ಸಮಾಜವಾದಿಗಳಿಗೆ ಸಿಕ್ಕಿದ್ದು ಮೂರು. ಕಮ್ಯುನಿಸ್ಟರಿಗೆ ಒಂದೇ ಒಂದು, ಅದೂ ಕೋಲಾರ ಚಿನ್ನದ ಗಣಿಯ ಕಾರ್ಮಿಕರು ಆರಿಸಿದ ಕೆ.ಎಸ್. ವಾಸನ್. ಆ ಮೂವರು ಸಮಾಜವಾದಿಗಳಲ್ಲಿ ಒಬ್ಬರು ಕಾಗೋಡು ಸತ್ಯಾಗ್ರಹದಿಂದ ಬಂದ, ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರು. ಉಳುವವನಿಗೆ ನೆಲ ಬೇಕು ಎಂದರು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕು ಎಂದರು. ಒಂದು ಅವಧಿಯಲ್ಲಿ ಅಲ್ಲ, ಗೆದ್ದ ಮೂರೂ ಅವಧಿಗಳಲ್ಲಿ. ಒಂದು ದಿನವೂ ಮಂತ್ರಿಯಾಗಲಿಲ್ಲ. 1972ರ ಜೂನ್ 9ರಂದು ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಎರಡನ್ನೂ ನೋಡಲು ಅವರು ಇರಲಿಲ್ಲ.

ಅದು ವಿರೋಧ ಪಕ್ಷದವರ ಕತೆಯಾಯಿತು, ಆಳುವ ಪಕ್ಷದ ಶಾಸಕನ ಬಾಯಿಗೆ ಬೀಗವಲ್ಲವೇ ಎನ್ನುವವರಿಗೆ ಫಿರೋಜ್ ಗಾಂಧಿ ಇದ್ದಾರೆ. ರಾಯ್‌ಬರೇಲಿಯ ಕಾಂಗ್ರೆಸ್ ಸಂಸದ, ಪ್ರಧಾನಿ ನೆಹರೂ ಅವರ ಅಳಿಯ. 1957ರ ಡಿಸೆಂಬರಿನಲ್ಲಿ ಹಿಂದಿನ ಸಾಲಿನಿಂದಲೇ ಎದ್ದು, ಜೀವ ವಿಮಾ ನಿಗಮ ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳಲ್ಲಿ 1.24 ಕೋಟಿ ರೂಪಾಯಿ ಹೂಡಿದ್ದು ಹೇಗೆ ಎಂದು ದಾಖಲೆ ಹಿಡಿದು ಕೇಳಿದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸಂಸತ್ತಿನ ಕಲಾಪವನ್ನು ನಿರ್ಭಯವಾಗಿ ವರದಿ ಮಾಡಲು ಪತ್ರಿಕೆಗಳಿಗೆ ರಕ್ಷಣೆ ಕೊಟ್ಟ 1956ರ ಕಾನೂನೂ ಅವರು ತಂದ ಖಾಸಗಿ ವಿಧೇಯಕವೇ.

ನಿಜವಾದ ಅಡ್ಡಿ ಬೇರೆ ಕಡೆ ಇದೆ. ಮಾತಾಡಲು ಸದನ ಸೇರಬೇಕಲ್ಲ? ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಕರ್ನಾಟಕ ವಿಧಾನಮಂಡಲ ತಾನೇ 2005ರಲ್ಲಿ ಕಾನೂನು ಮಾಡಿತು. ಆ ಕಾನೂನನ್ನು ಹೆಚ್ಚಿನ ವರ್ಷಗಳಲ್ಲಿ ಮುರಿದದ್ದೂ ತಾನೇ. ನಡೆದ ದಿನಗಳಲ್ಲೂ ಎಷ್ಟೋ ದಿನ ಧರಣಿ, ಗದ್ದಲ, ಮುಂದೂಡಿಕೆ. ಮೊದಲು ಬಲಿಯಾಗುವುದು ಪ್ರಶ್ನೋತ್ತರ ವೇಳೆ ಮತ್ತು ಗಮನ ಸೆಳೆಯುವ ಸೂಚನೆ. ನಾಯಕರು ಹೇಗಿದ್ದರೂ ಮೈಕ್ ಹಿಡಿಯುತ್ತಾರೆ, ತಿಂಗಳ ಹಿಂದೆ ಪ್ರಶ್ನೆ ಕಳಿಸಿ ಸರದಿಗೆ ಕಾದು ಕೂತ ಮುಳಬಾಗಿಲಿನ ಸದಸ್ಯನ ಸರದಿ ಗದ್ದಲದಲ್ಲಿ ಕೊಚ್ಚಿಹೋಗುತ್ತದೆ. ಅಧಿವೇಶನ ಮೊಟಕಾದಾಗ ನಷ್ಟವಾಗುವುದು ವಿರೋಧ ಪಕ್ಷಕ್ಕೆ ಎಂದು ಟಿವಿಯವರು ಹೇಳುತ್ತಾರೆ. ನಷ್ಟದ ದೊಡ್ಡ ಪಾಲು ಬೈರಕೂರಿನಂಥ ಊರುಗಳದು.

ಇದನ್ನು ಸರಿಪಡಿಸುವ ಶಕ್ತಿ ಬೈರಕೂರಿಗೆ ಪೂರ್ತಿ ಇಲ್ಲ, ಒಂದಷ್ಟು ಇದೆ. ಶಾಸಕ ಕೇಳಿದ ಪ್ರಶ್ನೆಗಳೂ ಸರ್ಕಾರ ಕೊಟ್ಟ ಉತ್ತರಗಳೂ ಗುಟ್ಟಿನ ದಾಖಲೆಗಳಲ್ಲ. ಕನ್ನಡದಲ್ಲೇ ಅಚ್ಚಾಗುತ್ತವೆ, ಯಾರು ಬೇಕಾದರೂ ಓದಬಹುದು. ಊರಿನ ಗ್ರಂಥಾಲಯದಲ್ಲಿ ಅವುಗಳ ಒಂದು ಕಟ್ಟು ಇಡಲು ಗ್ರಾಮ ಪಂಚಾಯಿತಿಗೆ ಕಷ್ಟವಿಲ್ಲ. ಪಿಯುಸಿ ಓದುವ ಹುಡುಗ ಹುಡುಗಿಯರು ಓದಿ, ನಮ್ಮ ಕೆರೆಯ ಹೆಸರು ಇದರಲ್ಲಿ ಎಲ್ಲಿದೆ ಎಂದು ಹುಡುಕಲಿ. ಟೊಮೆಟೊ ಮಂಡಿಯವರು, ಹಾಲಿನ ಡೇರಿಯವರು, ರೇಷ್ಮೆ ಬೆಳೆಗಾರರು ತಮ್ಮ ಕಷ್ಟವನ್ನು ಮನವಿ ಪತ್ರದ ಬದಲು ಪ್ರಶ್ನೆಯ ರೂಪದಲ್ಲಿ ಬರೆದು ಶಾಸಕರ ಕೈಗೆ ಕೊಡಲಿ. ಮನವಿ ಪತ್ರ ಮೇಜಿನ ಮೇಲೆ ಉಳಿಯಬಹುದು, ಅಂಕಿಸಂಖ್ಯೆಯ ಪ್ರಶ್ನೆಗೆ ಸಚಿವರ ಸಹಿ ಇರುವ ಉತ್ತರ ಬರಲೇಬೇಕು. ಕೋಲಾರದ ಸಂಸದರಿಗೂ ಇದೇ ಮಾತು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಜಾಗವಿದೆ. ಕೋಲಾರದ ಕ್ಷೇತ್ರದ ಪಾಲು ಅದರಲ್ಲಿ ಎಷ್ಟು ಎಂದು ಲೆಕ್ಕ ಹಾಕುವ ಕೆಲಸ ಯಾವ ಪದವಿ ಕಾಲೇಜಿನ ರಾಜ್ಯಶಾಸ್ತ್ರ ವಿಭಾಗವಾದರೂ ಮಾಡಬಹುದು.

ಮುಂದಿನ ಸಲ ಶಾಸಕರು ಊರಿಗೆ ಬಂದಾಗ ಹಾರ ಹಾಕುವವರು ಹಾಕಲಿ, ಮನವಿ ಕೊಡುವವರು ಕೊಡಲಿ. ಒಬ್ಬರಾದರೂ ಎದ್ದು, ಕಳೆದ ಅಧಿವೇಶನದಲ್ಲಿ ನಮ್ಮ ತಾಲ್ಲೂಕಿನ ಬಗ್ಗೆ ತಾವು ಎಷ್ಟು ಪ್ರಶ್ನೆ ಕೇಳಿದಿರಿ, ಸಚಿವರು ಏನು ಉತ್ತರ ಕೊಟ್ಟರು ಎಂದು ವಿಚಾರಿಸಿ. ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಆರು ತಿಂಗಳ ನಂತರ ಅದೇ ಪುಟ ತೆರೆದು ಮತ್ತೆ ಕೇಳಿ.